ಮಂದಾಕಿನಿ ಮೇಡಂ ತೊಳೆದ ಬೀಜ

ಹೊರದೇಶದವರು ಕಾಲೇಜಿಗೆ ಪತ್ರ ಬರೆದಾಗಲೆಲ್ಲ ನಮ್ಮ ಮಂದಾಕಿನಿ ಮೇಡಮ್ಮರನ್ನು ‘ಉಪ್ಪುನೀರಿನ ಭತ್ತವನ್ನು ಕಾಯುವ ಶಿಲೀಂಧ್ರ ಕಂಡುಹಿಡಿದವರು’ ಅಂತ ದೊಡ್ಡದಾಗಿ ಬರೆಯುತ್ತಾರೆ. ಓದಿದರೆ ನನಗೆ ನಗು ಬರುತ್ತದೆ. ಕಂಡುಹಿಡಿದದ್ದು ಹೇಗೆ ಅಂತ ನನ್ನನ್ನು ಕೇಳಬೇಕು. ನಾನು ಶಾಂತಾರಾಮ, ಮಾಜಾಳಿಯ ಮೀನುಗಾರರ ಮನೆಯವ, ಕಾರವಾರದ ಆ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್.

ಮೇಡಂ ಅಂಕೋಲೆಯವರು, ಕನ್ನಡ ಶಾಲೆ ಮಾಸ್ತರರ ಮಗಳು. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವರು. ಪಾಠ ಚೆನ್ನಾಗಿ ಮಾಡುತ್ತಿದ್ದರು, ಆದರೆ ಅವರ ಶುಚಿಯ ಹುಚ್ಚು ಮಾತ್ರ ದೇವರಿಗೇ ಪ್ರೀತಿ. ನಾನು ತೊಳೆದಿಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದು, “ಶಾಂತಾರಾಮ, ಇದು ತೊಳೆದದ್ದೋ, ಬರೀ ನೆನೆಸಿಟ್ಟದ್ದೋ?” ಅನ್ನುವರು. ಬೂಷ್ಟು ಅಂದರೆ ರೋಗ, ರೋಗ ಅಂದರೆ ಕೊಳಕು, ಅಷ್ಟೇ ಅವರ ಲೆಕ್ಕ. ಭತ್ತಕ್ಕೆ ಹತ್ತುವ ಬೂಷ್ಟಿನ ಮೇಲೇ ಪಿಎಚ್.ಡಿ. ಮಾಡುತ್ತಿದ್ದರು.

ಅಂಕೋಲೆಯಲ್ಲಿ ಅವರಿಗೆ ತರಕಾರಿ ಕೊಡುವ ನಾಗಿಗೆ ಹೊಳೆಬದಿಯಲ್ಲಿ ಗಜನಿ ಗದ್ದೆ ಇತ್ತು. ಗಜನಿ ಅಂದರೆ ಸಮುದ್ರದ ಭರತಕ್ಕೆ ಉಪ್ಪುನೀರು ನುಗ್ಗುವ ತಗ್ಗು ಭೂಮಿ. ಸುತ್ತ ಒಡ್ಡು, ಒಡ್ಡಿಗೆ ಒಂದು ಹಲಗೆಯ ಬಾಗಿಲು, ಮಳೆಗಾಲದಲ್ಲಿ ಅದನ್ನು ಮುಚ್ಚಿ, ಉಪ್ಪಿಗೆ ಜಗ್ಗದ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಹನ್ನೊಂದು ಮನೆಯವರಿಗೆ ಅದೇ ಒಂದು ಒಡ್ಡು. ಹನ್ನೊಂದೂ ಮನೆಗೆ ಬೀಜ ಕೊಡುವವಳು ನಾಗಿ ಒಬ್ಬಳೇ. ಬೀಜವನ್ನು ಅವಳು ಭತ್ತದ ಹುಲ್ಲಿನಲ್ಲಿ ಸುತ್ತಿ ಉಂಡೆಯಂಥ ಮುಡಿ ಕಟ್ಟಿ ಅಟ್ಟದ ಮೇಲಿಡುತ್ತಿದ್ದಳು. ಆ ಹುಲ್ಲು ಅದೇ ಗಜನಿಯದ್ದೇ ಆಗಬೇಕು, ಮೇಲಿನ ಸಿಹಿನೀರ ಗದ್ದೆಯ ಹುಲ್ಲು ಕೂಡದು. ಮೊಳಕೆಗೆ ಹಾಕುವಾಗಲೂ ಹುಲ್ಲು ಬಿಚ್ಚದೆ ಇಡೀ ಮುಡಿಯನ್ನೇ ನೀರಲ್ಲಿ ಮುಳುಗಿಸುವಳು. ಯಾಕೆ ಅಂದರೆ, “ಅತ್ತೆ ಹಾಂಗೇ ಮಾಡ್ತಿದ್ರು” ಅನ್ನುವಳು.

೨೦೦೪ರ ಮಳೆಗಾಲಕ್ಕೆ ಮುಂಚೆ ಮೇಡಂ ಆ ಮುಡಿಗಳನ್ನು ನೋಡಿ ಹೌಹಾರಿದರು. ಹುಲ್ಲಿನ ತುಂಬ ಕಪ್ಪು ಬೂಷ್ಟು. “ನಾಗಿ, ಈ ಹೊಲಸಿನಲ್ಲಿ ಬೀಜ ಇಡ್ತಾರಾ? ನನ್ನ ಹತ್ತಿರ ಕೊಡು, ಚೊಕ್ಕ ಮಾಡಿ ತರ್ತೇನೆ.” ಪಾಠ ಹೇಳುವ ಅಕ್ಕೋರೇ ಹೇಳಿದ ಮೇಲೆ ಮುಗಿಯಿತು, ನಾಗಿ ಹನ್ನೊಂದೂ ಮನೆಯ ಬೀಜ ಕೊಟ್ಟುಬಿಟ್ಟಳು. ತನ್ನ ಒಂದು ಮೂಲೆಗೆ ಸಾಲುವಷ್ಟು ಮಾತ್ರ ಹಳೆಯ ಪದ್ಧತಿಯಲ್ಲಿ ಉಳಿಸಿಕೊಂಡಳು. ಹುಲ್ಲು ಸುಟ್ಟವ ನಾನೇ. ಬ್ಲೀಚಿಂಗ್ ನೀರಿನಲ್ಲಿ ಬೀಜ ತೊಳೆದವನೂ ನಾನೇ. ಎರಡು ದಿನ ಕೈ ಉರಿಯಿತು.

ಆಗಸ್ಟಿನಲ್ಲಿ ದೊಡ್ಡ ಭರತಕ್ಕೆ ಒಡ್ಡಿನ ಮೇಲಿಂದ ಉಪ್ಪುನೀರು ಬಂತು. ಅದು ಹೊಸತೇನಲ್ಲ, ಕಗ್ಗ ಅದನ್ನು ತಡೆದುಕೊಳ್ಳುತ್ತಿತ್ತು. ಆ ವರ್ಷ ತಡೆಯಲಿಲ್ಲ. ಹತ್ತು ದಿನದಲ್ಲಿ ಇಡೀ ಗಜನಿ ಕೆಂಪಾಗಿ ಮಲಗಿತು. ನಾಗಿಯ ಆ ಒಂದು ಮೂಲೆ ಮಾತ್ರ ಹಸಿರಾಗಿ ನಿಂತಿತ್ತು.

ಮೇಡಂ ಎರಡೂ ಕಡೆಯ ಬೇರು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬದುಕಿದ ಬೇರಿನೊಳಗೆಲ್ಲ ಬೂಷ್ಟಿನ ಎಳೆ, ಸತ್ತದ್ದರಲ್ಲಿ ಒಂದೂ ಇಲ್ಲ. ಕುಂಡದಲ್ಲಿ ತೊಳೆದ ಬೀಜ ಹಾಕಿ, ಅರ್ಧಕ್ಕೆ ನಾಗಿಯ ಮನೆಯ ಹಳೆ ಹುಲ್ಲು ಸೇರಿಸಿ ಉಪ್ಪುನೀರು ಕೊಟ್ಟರು. ಹುಲ್ಲು ಸೇರಿದ್ದು ಬದುಕಿತು, ಉಳಿದದ್ದು ಸತ್ತಿತು. ಮೇಡಂ ಚಪ್ಪಾಳೆ ತಟ್ಟಿ, “ಶಾಂತಾರಾಮ, ಸಿಕ್ಕಿತು!” ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. “ನಿಮಗೆ ಸಿಕ್ಕಿತು ಮೇಡಂ, ಹನ್ನೊಂದು ಮನೆಯ ಗಂಜಿ ಹೋಯ್ತಲ್ಲ,” ಅಂದೆ. ಅಂದ ಮೇಲೆ ಹೆದರಿಕೆಯಾಯಿತು. ಸಿಟ್ಟು ಬಂದರೆ ಡಸ್ಟರ್ ಎಸೆಯುವ ಅವರು ಅಂದು ಎಸೆಯಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟರು.

ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ನಾಗಿಯ ಮಗ ಬೀರಾ, ಕಗ್ಗದ ಕತೆ ಮುಗಿಯಿತು, ಗಜನಿಯನ್ನು ಸಿಗಡಿ ಸಾಕುವವನಿಗೆ ಕೊಟ್ಟುಬಿಡುವ ಅಂತ ಊರನ್ನು ಒಪ್ಪಿಸುತ್ತಿದ್ದ. ಕೊಟ್ಟರೆ ವರ್ಷವಿಡೀ ಉಪ್ಪುನೀರು ನಿಲ್ಲುತ್ತದೆ, ಆಮೇಲೆ ಅಲ್ಲಿ ಭತ್ತದ ಹೆಸರೆತ್ತುವ ಹಾಗಿಲ್ಲ. ಭಾನುವಾರ ನಾಗಿಯ ಜಗಲಿಯಲ್ಲಿ ಹನ್ನೊಂದು ಮನೆಯವರೂ ಸೇರಿ ತೀರ್ಮಾನ ಮಾಡುವವರಿದ್ದರು. ಮೇಡಮ್ಮರ ಗೈಡು ಫೋನಿನಲ್ಲಿ, “ಪೇಪರ್ ಪ್ರಕಟವಾಗುವ ತನಕ ಬಾಯಿ ಬಿಡಬೇಡಿ. ನಿಮ್ಮಿಂದ ಬೆಳೆ ಹೋಯಿತು ಅಂತ ಗೊತ್ತಾದರೆ ಯಾವ ಊರಿನವರೂ ಒಂದು ಕಾಳು ಕೊಡಲಾರರು,” ಅಂದರಂತೆ. ಸುಳ್ಳಲ್ಲ. ಪಿಎಚ್.ಡಿ. ಅಲ್ಲಿಗೇ ನಿಲ್ಲುತ್ತಿತ್ತು.

ಭಾನುವಾರ ಮೇಡಂ ಬಂದರು. ನಾನು ಬದುಕಿದ್ದೊಂದು, ಸತ್ತದ್ದೊಂದು, ಎರಡು ಕುಂಡ ಹೊತ್ತುಕೊಂಡು ಹಿಂದೆ. ಜಗಲಿಯಲ್ಲಿ ಊರ ಹಿರಿಯ ಕುಪ್ಪ ಗೌಡರು, ಬೀರಾ, ಮೂಲೆಯಲ್ಲಿ ಇಸ್ತ್ರಿ ಅಂಗಿಯ ಸಿಗಡಿಯವ. ಮೇಡಂ ಕೂರಲಿಲ್ಲ. ಕುಂಡ ತೋರಿಸಿ, ಆ ಕಪ್ಪು ಬೂಷ್ಟೇ ಸಸಿಯನ್ನು ಉಪ್ಪಿನಿಂದ ಕಾಯುವುದು, ಹುಲ್ಲಿನಿಂದ ಮೊಳಕೆಗೆ ಹತ್ತುವುದು, ಅದನ್ನು ತಾನು ತೊಳೆದು ಕೊಂದೆ ಅಂತ ಹೇಳಿದರು.

“ಹಾಂಗಾರೆ ಗದ್ದೆದು ತಪ್ಪಲ್ಲ?” ಕುಪ್ಪ ಗೌಡರು ಕೇಳಿದರು.

“ಅಲ್ಲ.”

“ಬೀಜದ್ದು?”

“ಅಲ್ಲ. ತಪ್ಪು ನನ್ನದು. ಆ ಮೂಲೆಯ ಭತ್ತ ಪೂರಾ ಬೀಜಕ್ಕಿಟ್ಟು, ಅದರದ್ದೇ ಹುಲ್ಲಿನಲ್ಲಿ ಮುಡಿ ಕಟ್ಟಿ. ಎರಡು ವರ್ಷದಲ್ಲಿ ಗಜನಿ ಮೊದಲಿನ ಹಾಗಾಗ್ತದೆ.”

ಗೌಡರು ಆ ಹಸಿರು ಸಸಿಯನ್ನು ಬುಡದಲ್ಲಿ ಹಿಡಿದು ಎಳೆದು ನೋಡಿದರು. ಅದು ಜಗ್ಗಲಿಲ್ಲ. “ಒಡ್ಡಿನ ಬಾಗಿಲು ಯಾರಿಗೂ ಕೊಡೂದಿಲ್ಲ, ನೀವು ಹೊರಡಿ,” ಅಂತ ಸಿಗಡಿಯವನಿಗೆ ಹೇಳಿದರು. ಅವನು ಚಪ್ಪಲಿ ಮೆಟ್ಟಿ ಹೋದ.

ಬೀರಾನ ಸಿಟ್ಟು ಮಾತ್ರ ಇಳಿಯಲಿಲ್ಲ. ಇಳಿಯುವುದಾದರೂ ಹೇಗೆ, ಆ ವರ್ಷ ಉಣ್ಣುವುದಕ್ಕೆ ಗತಿ ಇಲ್ಲ. “ಕಲ್ತವ್ರು ಅಂತ ನಂಬಿದ್ರೆ ಮನೆ ಹಾಳು ಮಾಡಿದ್ರಿ. ಇನ್ನು ನಮ್ಮ ಒಡ್ಡಿನ ಮೇಲೆ ಕಾಲಿಡಬೇಡಿ, ನಡೀರಿ ಹೊರಗೆ!” ಅಂದ. ಮೇಡಂ ತಲೆ ತಗ್ಗಿಸಿ ಮೆಟ್ಟಿಲಿಳಿದರು. ನಾನು ಕುಂಡ ಎತ್ತಿಕೊಂಡೆ.

ಆಗ ನಾಗಿ ಒಳಗಿನಿಂದ ಬಂದಳು. ಅಂಗಳಕ್ಕಿಳಿದು ಮೇಡಮ್ಮರ ಪಕ್ಕ ನಿಂತು ಮಗನ ಕಡೆ ತಿರುಗಿದಳು.

“ತೊಳೆದವ್ರು ಅಕ್ಕೋರು, ತೊಳೂಕೆ ಕೊಟ್ಟವ್ಳು ನಾನು,” ಅಂದಳು. “ಹೊರಗೆ ಹಾಕೂದಾರೆ ಇಬ್ಬರನ್ನೂ ಹಾಕು.”