ಬಾಣಂತಿಯ ಬಟ್ಟಲಿಗೆ ಬೈಗೆ ಮೀನು

ನಾವುಂದದ ಗುಲಾಬಿ ಮೂವತ್ತು ವರ್ಷಗಳಿಂದ ಬಾಣಂತಿಯರನ್ನು ಎಣ್ಣೆ ಹಚ್ಚಿ ಮೀಯಿಸುವವಳು. ಬಾಣಂತಿಗೆ ಬೈಗೆ, ಅಂದರೆ ಭೂತಾಯಿ ಮೀನು, ನಂಜು, ಬಿಸಿಲು ಸೋಕಬಾರದು ಎಂದು ಎಷ್ಟೋ ಮನೆಗಳಲ್ಲಿ ಕಿಟಕಿ ಮುಚ್ಚಿಸಿದವಳೂ ಅವಳೇ. ಕಳೆದ ವರ್ಷ ತನ್ನ ಮೂಳೆಗಳೇ ನೋಯತೊಡಗಿದಾಗ ಡಾಕ್ಟರಮ್ಮ ಕೂರಿಸಿಕೊಂಡು ತಿಳಿಸಿದರು: ಡಿ ವಿಟಮಿನ್ ಇಲ್ಲದಿದ್ದರೆ ತಿಂದ ಸುಣ್ಣದಂಶ ಮೂಳೆಗೆ ಹತ್ತುವುದಿಲ್ಲ; ಅದು ಸಿಗುವುದು ಬಿಸಿಲಿನಿಂದ, ಬೈಗೆ, ಬಂಗುಡೆಯಂಥ ಮೀನಿನಿಂದ, ಮೊಟ್ಟೆಯ ಹಳದಿಯಿಂದ.

ಈಗ ಸೌಮ್ಯಶ್ರೀಯ ಬಾಣಂತನ. ಹೆತ್ತು ಇಪ್ಪತ್ತು ದಿನವಾದರೂ ಅವಳು ಮಗುವನ್ನೆತ್ತಿಕೊಂಡು ನಿಲ್ಲಲಾರಳು. ರಕ್ತಪರೀಕ್ಷೆಯಲ್ಲಿ ಅವಳಿಗೂ ಡಿ ವಿಟಮಿನ್ ಕೊರತೆ ಕಂಡಿತ್ತು. ಗುಲಾಬಿ ಮೀಯಿಸಿದವಳೇ ಅವಳನ್ನು ಅಂಗಳದ ಬಿಸಿಲಿಗೆ ಕೂರಿಸಿ, ತಾನೇ ಮಾಡಿ ತಂದ ಬೈಗೆ ಸಾರು ಬಡಿಸಿದಳು.

ಅತ್ತೆ ಪದ್ದಕ್ಕ ಒಳಗಿಂದ ಓಡಿ ಬಂದಳು. "ಹ್ವಾಯ್ ಗುಲಾಬಿ, ಎಂತ ಮರ್ಲಾ ನಿಂಗೆ? ಬೈಗೆ ನಂಜ್ ಅಂದದ್ದ್ ನೀನೇ ಅಲ್ದಾ?"

"ಹೌದ್. ತಪ್ಪ್ ಹೇಳಿದ್ದೂ ನಾನೇ, ಸಮ ಮಾಡೂದೂ ನಾನೇ."

"ನಾಳೆಯಿಂದ ಈ ಅಂಗ್ಳಕ್ಕೆ ಕಾಲ್ ಇಡ್ಬೇಡ!"

"ಇಡ್ತಿಲ್ಲೆ ಪದ್ದಕ್ಕ. ಆದ್ರೆ ಇವತ್ತ್ ಇವ್ಳ್ ಉಂಡ್ ಮುಗ್ಸುವರೆಗೆ ಇಲ್ಲಿಂದ ಹೋತಿಲ್ಲೆ."

ಸೌಮ್ಯಶ್ರೀ ಅತ್ತೆಯ ಮುಖ ನೋಡಲಿಲ್ಲ. ಮುಳ್ಳು ಬಿಡಿಸಿ ಮೀನು ತಿಂದು, ಇನ್ನೊಂದು ಬಡಿಸೆಂದು ಬಟ್ಟಲನ್ನು ಮುಂದೆ ಚಾಚಿದಳು.