ಮೂರು ಬಣ್ಣದ ಮೇಜು

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ, ಸಂಜೆ ಹೊಲಿಗೆ ಮೆಷಿನ್ ನಿಂತರೆ ಮನೆ ಬಿಕೋ ಎನ್ನುತ್ತಿತ್ತು. ಯಾರಾದರೂ ಮಾತಿಗೆ ಸಿಕ್ಕಾರು ಎಂದು ಚಿತ್ರಕಲೆಯ ತರಗತಿಗೆ ಸೇರಿದಳು. ಅಲ್ಲಿ ಎಲ್ಲರೂ ತಲೆ ಬಗ್ಗಿಸಿ ಬಣ್ಣ ಬಳಿಯುತ್ತಿದ್ದರೇ ಹೊರತು ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಆದರೆ ಕೆಲಸ ಹಿಡಿಸಿತು. “ಕೆಂಪು, ನೀಲಿ, ಬಿಳಿ, ಮೂರೇ ಬಣ್ಣ. ವಸ್ತು ಮರೆತುಬಿಡಿ, ಆಕಾರ ನೋಡಿ,” ಎಂದಿದ್ದರು ಮೇಷ್ಟ್ರು. ಬಟ್ಟೆಯನ್ನು ತುಂಡುತುಂಡಾಗಿ ಕಾಣುವ ಕಣ್ಣಿಗೆ ಅದು ಹೊಸದೇನಲ್ಲ. ಮನೆಯ ಮೇಜಿನ ಮೇಲಿದ್ದ ಹೂಜಿ, ನಡುವೆ ಸಂದಿಯಿರುವ ಎರಡು ಕೆಂಪು ಅರ್ಧವೃತ್ತವಾಯಿತು. ಕತ್ತರಿ ಬಿಳಿ ತ್ರಿಕೋನವಾಯಿತು. ಮೇಜು ಓರೆಯಾದ ನೀಲಿ ಚೌಕವಾಗಿ ನಿಂತಿತು.

ಒಂದು ಭಾನುವಾರ ತಮ್ಮ ಬಂದ. ಗೋಡೆಯ ಮೇಲಿನ ಚಿತ್ರವನ್ನು ಕತ್ತು ಓರೆ ಮಾಡಿ ನೋಡಿದ.

“ಇದೇನಕ್ಕಾ, ಯಾರದೋ ಅಂಗಿ ಕತ್ತರಿಸಿಟ್ಟ ಹಾಗಿದೆ!”

“ಹೂಜಿ ಕಣೋ ಅದು.”

“ಹೌದಾ? ನೀರು ಸೋರಲ್ವಾ?”

ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ತನ್ನ ನಗು ತನಗೇ ಕೇಳಿಸಿ ಎಷ್ಟೋ ದಿನವಾಗಿತ್ತು.

“ಊಟ ಮಾಡ್ಕೊಂಡೇ ಹೋಗೋ.”

“ಬಸ್ ತಪ್ಪುತ್ತೆ ಅಕ್ಕಾ,” ಎಂದು ಅವನು ಟೀ ಕುಡಿದು ಹೊರಟ.

ಬೀದಿಯ ತಿರುವಿನವರೆಗೂ ಕಳಿಸಿ ಬಂದವಳು, ಟೀ ಕುಡಿದ ಲೋಟಗಳನ್ನು ತೊಳೆಯಲೆಂದು ಎತ್ತಿಕೊಂಡಳು. ಮತ್ತೆ ಇದ್ದಲ್ಲೇ ಇಟ್ಟಳು. ಹೊಸ ಹಾಳೆ ಹರಡಿ ಎರಡು ವೃತ್ತ ಬರೆದಳು. ತನ್ನದಕ್ಕೆ ನೀಲಿ, ಅವನದಕ್ಕೆ ಕೆಂಪು. ಚಿತ್ರ ಮುಗಿಯುವಷ್ಟರಲ್ಲಿ ಬುಧವಾರವಾಯಿತು. ಅಲ್ಲಿಯವರೆಗೂ ಅವಳು ಆ ಲೋಟಗಳನ್ನು ತೊಳೆಯಲಿಲ್ಲ.