‘ಹೊಸದೇನೂ ಇಲ್ಲ’ ಅಂದ ಪುಟ

ನಿರಂಜನ್ ಸರ್ ಒಳ್ಳೇರೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರು ಬರೆದ ಪ್ರೋಗ್ರಾಮು ಓದಾಕೆ ಕುಂತ್ರೆ ತಲೆ ಚಿಟ್ಟು ಹಿಡಿದೋಗುತ್ತೆ.

ದುರ್ಗದಲ್ಲಿ ನಾನು ಕೆಲಸ ಮಾಡೋ ವಾಚನಾಲಯಕ್ಕೆ ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋರು ಬರ್ತಾರೆ. ಸರ್ ಅಲ್ಲಿ ಹನ್ನೆರಡು ವರ್ಷ ಕಂಪ್ಯೂಟರ್ ನೋಡ್ಕಂಡ್ರು. ದಿನಾ ಶ್ರೀರಾಂಪುರದಿಂದ ಬಸ್ಸು, ಹೊಸದುರ್ಗ, ಹೊಳಲ್ಕೆರೆ ದಾಟಿ. ಸೀಟು ಸಿಕ್ರೆ ತೊಡೆ ಮೇಲೆ ಲ್ಯಾಪ್‌ಟಾಪು. ಕೆಲಸದ ಸುದ್ದಿ ತೋರಿಸೋ ನಮ್ಮ ವೆಬ್ ಪುಟ ಬರೆದಿದ್ದೂ ಹಂಗೇ. ಆಗ ಒಂದೊಂದು ವೆಬ್‌ಸೈಟೂ ತನ್ನ ಹೊಸ ಪ್ರಕಟಣೆಗಳ ಪಟ್ಟಿನ ತಾನೇ ಬಿಡ್ತಿತ್ತು, ಅದಕ್ಕೆ ಫೀಡ್ ಅಂತಾರೆ. ಸರ್ ಪ್ರೋಗ್ರಾಮು ಅಂಥ ನಲವತ್ತು ಫೀಡ್ ಓದಿ ಒಂದೇ ಪುಟಕ್ಕೆ ಹಾಕೋದು. ಬೆಳಿಗ್ಗೆ ಒಂದು ಸಲ ನೋಡಿದ್ರೆ ಮುಗೀತು.

ಈಗ? ‘ನಮ್ಮ ಆಪ್ ಹಾಕ್ಕಳಿ, ಗ್ರೂಪ್ ಸೇರ್ಕಳಿ’ ಅಂತ ಒಬ್ಬೊಬ್ರೇ ಫೀಡ್ ನಿಲ್ಲಿಸಿದ್ರು. ಆ ಗ್ರೂಪಲ್ಲೋ, ಗುಡ್ ಮಾರ್ನಿಂಗ್ ಹೂವಿನ ಮಧ್ಯೆ ಕೆಲಸದ ಸುದ್ದಿ ಹುಡುಕಬೇಕು. ನಲವತ್ತರಲ್ಲಿ ಉಳಿದಿರೋದು ಒಂಬತ್ತು.

ಸರ್ ಎರಡು ವರ್ಷದ ಹಿಂದೆ ಕೆಲಸ ಬಿಟ್ರು, ಪ್ರೋಗ್ರಾಮು ನನ್ನ ಕೊರಳಿಗೆ ಬಿತ್ತು. ಬಸ್ಸು ಯಾವ ಊರಲ್ಲಿದ್ದಾಗ ಬರೆದ್ರೋ ಆ ಭಾಗಕ್ಕೆ ಆ ಊರ ಹೆಸರು! ‘ಹೊಳಲ್ಕೆರೆ’ ಏನು ಮಾಡುತ್ತೆ, ಆ ಶಿವನಿಗೇ ಗೊತ್ತು. ಒಂದು ಸಾಲು ವಿವರಣೆ ಇಲ್ಲ. ಫೋನ್ ಮಾಡಿ ಕೇಳಿದ್ರೆ, ‘ಆ ಬಸ್ಸು ಹತ್ತು, ತಿಳಿಯುತ್ತೆ’ ಅಂತ ನಗ್ತಾರೆ. ನಗು ಬೇರೆ ಕೇಡು!

ಹೋದ ಸೋಮವಾರ ಅನುಸೂಯಕ್ಕ ಬಂದು ನನ್ನ ಮೇಜಿನ ಮುಂದೆ ನಿಂತ್ಲು. ಆರು ವರ್ಷದಿಂದ ಓದ್ತಿರೋಳು, ಮೊಬೈಲ್ ಗ್ರೂಪು ನಂಬಲ್ಲ, ನಮ್ಮ ಪುಟಾನೇ ನಂಬೋದು.

‘ಸಹನಾ, ಹಾಸ್ಟೆಲ್ ವಾರ್ಡನ್ ಕೆಲಸಕ್ಕೆ ಅರ್ಜಿ ಕರೆದಿದ್ರಂತೆ. ಶನಿವಾರಕ್ಕೇ ಮುಗೀತಂತೆ. ನಾನು ದಿನಾ ನೋಡಿದ್ನಲ್ಲೇ, “ಹೊಸದೇನೂ ಇಲ್ಲ” ಅಂತಿತ್ತು.’

ಅವಳಿಗೆ ಇದೇ ಕೊನೇ ವರ್ಷ. ಮುಂದಿನ ಸಲ ಕರೆಯೋ ಹೊತ್ತಿಗೆ ಅರ್ಜಿ ಹಾಕೋ ವಯಸ್ಸು ಮೀರುತ್ತೆ.

ನನಗೆ ಮೈಯೆಲ್ಲ ಉರಿದೋಯ್ತು. ಅವಳ ಎದುರಿಗೇ ಸರ್‌ಗೆ ಫೋನ್ ಹಚ್ಚಿದೆ. ‘ಫೀಡ್ ನಿಂತೋದ್ರೆ ನಿಂತೈತೆ ಅಂತ ಹೇಳಬಾರದೇನ್ರಿ ನಿಮ್ಮ ಪ್ರೋಗ್ರಾಮು? ಹೊಸದೇನೂ ಇಲ್ಲ ಅಂತ ಸುಳ್ಳು ಹೇಳೋದಾ?’

ಸರ್ ಈ ಸಲ ನಗಲಿಲ್ಲ. ‘ನಾನು ಬರೆದಾಗ ಕೆಂಪಕ್ಷರದಲ್ಲಿ ಹೇಳ್ತಿತ್ತಲ್ಲಮ್ಮ. ನೀನು ಹೇಳೋ ಸಾಲು ಯಾವ ಊರಲ್ಲೈತೆ ನೋಡು.’

ಹುಡುಕಿದೆ. ತುರುವನೂರು.

ಸರ್ ಬಸ್ಸು ತುರುವನೂರಿಗೆ ಹೋಗಲ್ಲ. ಅದು ನಮ್ಮೂರು. ಹೋದ ವರ್ಷ ಕೆಂಪಕ್ಷರ ಕಂಡೋರೆಲ್ಲ ‘ಕೆಟ್ಟೋಗೈತೆ, ಕೆಟ್ಟೋಗೈತೆ’ ಅಂತ ಜೀವ ತಿಂತಿದ್ರು. ಬೇಜಾರಾಗಿ ಅದನ್ನ ಮುಚ್ಚಿ ‘ಹೊಸದೇನೂ ಇಲ್ಲ’ ಅಂತ ಬರೆದೋಳು ನಾನೇ. ಸರ್ ಇಟ್ಟಂಗೆ ನಾನೂ ನಮ್ಮೂರ ಹೆಸರು ಇಟ್ಟಿದ್ದೆ, ತಮಾಷೆಗೆ. ಆಮೇಲೆ ಮರೆತೇ ಬಿಟ್ಟಿದ್ದೆ.

ಫೋನ್ ಇಟ್ಟೆ.

‘ಏನಂದ್ರು? ಅವರದೇ ತಪ್ಪಂತಾ?’ ಅಂದ್ಲು ಅನುಸೂಯಕ್ಕ.

‘ಅಲ್ಲ ಅಕ್ಕ. ನಂದು.’

ಬಯ್ಯಲಿ ಅಂತ ಕಾಯ್ತಾ ಕುಂತಿದ್ದೆ. ಅವಳು ಬ್ಯಾಗಿಂದ ವಾಚನಾಲಯದ ಕಾರ್ಡು ತೆಗೆದು ನನ್ನ ಮುಂದೆ ಇಟ್ಲು.

‘ಇನ್ನು ಇದು ಬೇಕಾಗಲ್ಲ ಕಣೆ’ ಅಂದ್ಲು.